ಐದನೆಯ ಕಲ್ಲು

ಇವತ್ತು ಹೇಳಿಯೇಬಿಡಬೇಕು ಎಂದು ಗೋಕಾಕ ಬಿಟ್ಟಾಗಿನಿಂದ ಸುಶಾಂತ ಹೆಲ್ಮೆಟ್ಟಿನೊಳಗೇ ಅಂದುಕೊಳ್ಳುತ್ತ ಬಂದಿದ್ದ. ಜೋರಾಗಿಯೇ ಅಂದುಕೊಳ್ಳುತ್ತಿದ್ದನೇನೋ, ಘಟಪ್ರಭಾದ ರೈಲು ಗೇಟಿನ ಹತ್ತಿರ ಬಾಜೂಕ್ಕೆ ನಿಂತ ಕಬ್ಬಿನ ಟ್ರ್ಯಾಕ್ಟರಿನವನು ಹೊರಳಿ ನೋಡಿ ನಕ್ಕ. ನಿನ್ನೆ ಅನ್ನಪೂರ್ಣಾ ಫೋನು ಮಾಡಿದ್ದಳು, ಕಾಲುವೆಗೆ ಮಣ್ಣು ಕೊಟ್ಟ ಉದ್ದವ್ವನ ಸೊಸೆ, ನಾಳೆ ಎಳ್ಳ ಅಮಾವಾಸ್ಯೆ, ಹೊಲದಲ್ಲಿ ಚರಗ ಚೆಲ್ಲುತ್ತೇವೆ, ಅತ್ತೆ ನಿಮ್ಮನ್ನು ಕರೆ ಅಂದಿದ್ದಾಳೆ ಅಂತ. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಎಷ್ಟು ಚಲೋ ಆಗುತ್ತಿತ್ತು, ಕೆಲಸ ಇದೆ ಅಂತ ತಪ್ಪಿಸಿಕೊಳ್ಳಬಹುದಿತ್ತು. ಮನೆಯ ಮಾತಿನಂತೆ ಮಾತಾಡಿದ್ದಳು, ಶೇಂಗಾ ಹೋಳಿಗೆ ನಿಮಗೆ ಸೇರತಾವಲ್ಲ ಅಂತಲೂ ಅಂದಿದ್ದಳು, ಆ ಮಾತು ಕಿವಿಯಲ್ಲಿ ಇಡೀ ರಾತ್ರಿ ಕೂತಿತ್ತು. ಒಂದು ಪಂಕ್ಚರ್ ಆಗಲಿ, ಸಾಹೇಬರು ಫೋನು ಮಾಡಿ ಮೂಡಲಗಿ ಸೈಟಿಗೆ ಹೋಗು ಅನ್ನಲಿ ಎಂದು ಬಯಸುತ್ತಲೇ ಅವನು ಬೈಕಿನ ವೇಗ ಹೆಚ್ಚಿಸುತ್ತಿದ್ದ. ಬೇಗ ಹೋಗಿ ಬೇಗ ಹೇಳಿ ಮುಗಿಸಿದರೆ ಸಂಜೆಯೊಳಗೆ ಮೊದಲಿನ ಮನುಷ್ಯನಾಗಿ ಮನೆಗೆ ಬರಬಹುದು ಅನ್ನುವ ಹಾಗೆ.

ಮೊದಲಿನ ಮನುಷ್ಯನೆಂದರೆ ಮಣ್ಣು ಹುಡುಕುವ ಹುಡುಗ. ಸೋಮಶೇಖರ ಸಾಹೇಬರು ಅವನನ್ನು ಹಾಗೇ ಕರೆಯುವುದು, ನಾಲ್ಕು ಜನರೆದುರು ಕೂಡ, ಇವನು ಇಂಜಿನಿಯರ್ ಅಲ್ರಿ, ನಮ್ಮ ಮಣ್ಣ ಹುಡುಕೋ ಹುಡುಗ ಅಂತ. ಜನ ನಗುತ್ತಿದ್ದರು, ಅವನೂ ನಗುತ್ತಿದ್ದ, ಒಳಗೆ ಅದು ಅವನಿಗೆ ಬಿರುದಿನ ಹಾಗೆ ಹಿತವಾಗಿಯೇ ಇತ್ತು. ಹೊಸ ಕಾಲುವೆಯ ಏರಿಗೆ ಕಪ್ಪು ಎರೆಮಣ್ಣು ನಡೆಯುವುದಿಲ್ಲ, ಅದು ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಬಿರಿಯುತ್ತದೆ, ಮೇಲಿನ ಕಾಂಕ್ರೀಟು ಹಪ್ಪಳದ ಹಾಗೆ ಒಡೆಯುತ್ತದೆ. ಕೆಂಪು ಗರಸು ಬೇಕು, ಸಣ್ಣ ಹರಳು ಬೆರೆತ ಗಟ್ಟಿ ಮಣ್ಣು. ಎರಡು ಚಳಿಗಾಲ ಅವನು ಗೋಕಾಕ, ಮೂಡಲಗಿ, ಹುಕ್ಕೇರಿ ಅಂತ ಬೈಕಿನ ಹಿಂದೆ ಚೀಲ ಕಟ್ಟಿಕೊಂಡು ಎತ್ತರದ ಒಣ ಮಡ್ಡಿ ಮಡ್ಡಿ ಅಲೆದಿದ್ದ. ಮುಷ್ಟಿಯಲ್ಲಿ ಮಣ್ಣು ಹಿಡಿದು, ಬಾಟಲಿಯ ನೀರು ಹನಿಸಿ, ಉಂಡೆ ಮಾಡಿ, ಅದು ಬಿಸಿಲಿಗೆ ಬಿರಿಯುತ್ತದೋ ಇಲ್ಲವೋ ಎಂದು ಬೈಕಿನ ಟ್ಯಾಂಕಿನ ಮೇಲೆ ಸಾಲಾಗಿ ಇಟ್ಟು ಕಾಯುತ್ತಿದ್ದ. ಚಹಾದಂಗಡಿಯವರು ಏನ್ರಿ ಉಂಡಿ ಕಟ್ಟೀರಿ, ಯಾರ ಮದವಿ ಅಂತ ಕೇಳುತ್ತಿದ್ದರು. ಯಾರೂ ಮಣ್ಣು ಕೊಡುತ್ತಿರಲಿಲ್ಲ. ಯಮಕನಮರಡಿಯಿಂದ ಒಳಗೆ ಹೋಗುವ ರಸ್ತೆಯ ಪಕ್ಕದಲ್ಲಿ ಉದ್ದವ್ವನ ಮಡ್ಡಿ ಕಂಡಾಗ, ಅದರ ಬದುವಿನ ಕೊರಕಲಿನಲ್ಲಿ ಕುಂಕುಮದಂಥ ಗರಸು ಹೊಳೆದಾಗ, ಅವನಿಗೆ ಪರೀಕ್ಷೆಯ ಫಲಿತಾಂಶ ನೋಡಿದಷ್ಟು ಖುಷಿಯಾಗಿತ್ತು. ಉಂಡೆ ಬಿರಿಯಲಿಲ್ಲ. ಉದ್ದವ್ವನೂ ಬೇಡ ಅನ್ನಲಿಲ್ಲ. ಬದಲಿಗೆ ಯಾವೂರು ಅಂತ ಕೇಳಿದಳು. ಮೂಡಲಗಿ ಅಂದ. ಅಷ್ಟೇ, ಅವಳ ಮುಖ ಬಿಚ್ಚಿಕೊಂಡಿತು, ಅವಳ ತವರು ಅಲ್ಲೇ ಹತ್ತಿರ, ಧುಪದಾಳದ ನೀರು ಕಾಲುವೆಯಲ್ಲಿ ಬಾಗಿಲ ಮುಂದೆ ಹರಿಯುತ್ತಿದ್ದ ಊರಿನಿಂದ ಈ ಒಣ ಮಡ್ಡಿಗೆ ಸೊಸೆಯಾಗಿ ಬಂದವಳು. ಕೆಳಗಿನ ಹೊಲಗಳಿಗೆಲ್ಲ ಹೊಸ ಕಾಲುವೆಯ ನೀರು ಬರುತ್ತದೆ, ತನ್ನದು ಮಾತ್ರ ಎತ್ತರ, ನೀರು ಏರುವುದಿಲ್ಲ ಅಂತ ಅಧಿಕಾರಿಗಳು ಹೇಳಿ ಹೋಗಿದ್ದಾರೆ ಎಂದಳು. ಆಮೇಲೆ ಅವನ ಮುಖವನ್ನೇ ನೋಡುತ್ತ, ರೊಕ್ಕ ಬೇಡ, ಎಷ್ಟು ಬೇಕೋ ಮಣ್ಣು ಒಯ್ಯಿ, ನನ್ನ ಹೊಲ ನೀರು ಹತ್ತುವಷ್ಟು ಕೆಳಗಿಳಿಸಿ ಕೊಡು ಅಂದಳು. ಅವನು ಒಂದು ಕ್ಷಣವೂ ಯೋಚಿಸದೆ ಮಾತು ಕೊಟ್ಟಿದ್ದ. ಮಾತು ಕೊಡುವುದು ಎಷ್ಟು ಸಲೀಸು, ನಾಲಿಗೆಗೆ ಅದು ಉಪ್ಪಿಟ್ಟು ತಿಂದಷ್ಟೇ.

ಬೈಕು ನಿಲ್ಲಿಸಿ ಹೆಲ್ಮೆಟ್ಟು ತೆಗೆದಾಗ ಹೊಲ ಅವನೆದುರು ಬರಿಗೈಯಂತೆ ಬಿದ್ದಿತ್ತು. ಮೇಲಿನ ಮೆದು ಮಣ್ಣೂ ಇಲ್ಲ, ಹುಲ್ಲೂ ಇಲ್ಲ, ಹುರುಳಿ, ಮಡಿಕೆ ಕಾಳು ಬೆಳೆಯುತ್ತಿದ್ದ ಮಡ್ಡಿಯೂ ಇಲ್ಲ, ಮಣ್ಣು ಅಗೆಯುವ ಮಶೀನಿನ ಹಲ್ಲಿನ ಗೆರೆಗಳು ಎದ್ದು ಕಾಣುವ ಕೆಂಪು ಗಟ್ಟಿ ನೆಲ. ನಡುವೆ ಬನ್ನಿಗಿಡ ಮಾತ್ರ ತನ್ನ ಬುಡದ ಹಳೆಯ ಮಣ್ಣನ್ನು ಕಟ್ಟೆಯ ಹಾಗೆ ಉಳಿಸಿಕೊಂಡು ಎತ್ತರದಲ್ಲಿ ನಿಂತಿತ್ತು, ಹೊಲ ಮೊದಲು ಎಷ್ಟೆತ್ತರ ಇತ್ತು ಎಂದು ಎಲ್ಲರಿಗೂ ತೋರಿಸುವಂತೆ. ಹೊಲದ ಅಂಚಿನಲ್ಲಿ ಕಾಲುವೆ ತುಂಬ ನೀರು. ಆದರೆ ನೀರು ಎಲ್ಲೋ ಕೆಳಗಿತ್ತು, ಹೊಲದ ಬಾಯಿಗೆ ಹಾಕಿದ ಸಿಮೆಂಟಿನ ಕೊಳವೆ ನೀರಿನ ಮೇಲೆ ಒಣಗಿದ ಬಾಯಿ ತೆರೆದುಕೊಂಡು ನಿಂತಿತ್ತು. ಅದನ್ನು ನೋಡಬಾರದೆಂದು ಅವನು ಮೊದಲೇ ನಿರ್ಧರಿಸಿಕೊಂಡು ಬಂದಿದ್ದ, ಮೊದಲು ನೋಡಿದ್ದೇ ಅದನ್ನು. ಕಟ್ಟೆಗೆ ಕಡಿದ ಮೆಟ್ಟಿಲು ಹತ್ತಿದಾಗ ಉದ್ದವ್ವ ಬನ್ನಿಯ ಬುಡದಲ್ಲಿ ಕಲ್ಲುಗಳಿಗೆ ಸುಣ್ಣ ಬಳಿಯುತ್ತಿದ್ದಳು. ಪ್ರತಿ ವರ್ಷ ಶೀಗಿ ಹುಣ್ಣಿಮೆಗೆ, ಎಳ್ಳ ಅಮಾವಾಸ್ಯೆಗೆ ಹೊಲದಲ್ಲಿ ಐದು ಕಲ್ಲು ನಿಲ್ಲಿಸಿ, ಸುಣ್ಣ ಬಳಿದು, ಕುಂಕುಮ ಇಟ್ಟು, ಪಾಂಡವರು ಅಂತ ಪೂಜೆ ಮಾಡುತ್ತಾರೆ, ಅವನ ಮನೆಯಲ್ಲೂ ಮಾಡುತ್ತಾರೆ. ಇಲ್ಲಿ ನಾಲ್ಕೇ ಇದ್ದವು. ಐದನೆಯದು ಇರಬೇಕಾದ ಕಡೆ ನೆಲಕ್ಕೆ ಸುಣ್ಣದ ಒಂದು ಚುಕ್ಕೆ ಇಟ್ಟಿದ್ದಳು.

"ಬಂದೆಲ್ಲ ಮಗಾ," ಅಂದಳು, ತಲೆ ಎತ್ತದೆ. "ನೀ ಬರೂದಿಲ್ಲ ಅಂತ ಮಾಡಿದ್ದೆ. ನಿನ್ನ ನೌಕರಿಗೇನೂ ಆಗಲಿಲ್ಲಲ್ಲ?"

ಇಲ್ಲ ಅಂದ. ಹೇಳುವುದಕ್ಕೆ ಇದೇ ಸಮಯ ಅನ್ನಿಸಿತು. ಅವಳ ಕೈ ಸುಣ್ಣದಲ್ಲಿತ್ತು, ಸುಣ್ಣದ ಕೈಯವಳಿಗೆ ಅಂಥ ಮಾತು ಹೇಳುವುದು ಸರಿಯಲ್ಲ ಅಂತಲೂ ಅನ್ನಿಸಿತು. ಅನ್ನಪೂರ್ಣಾ ಬುತ್ತಿಯ ಗಂಟು ಬಿಚ್ಚುತ್ತ, ಕೂಡ್ರಿ, ನೆರಳಿದ್ದಲ್ಲಿ ಕೂಡ್ರಿ, ನೆರಳೊಂದು ಉಳಿಸೀರಿ ಅಂದಳು. ಅದು ಚೇಷ್ಟೆಯೋ ಚುಚ್ಚುಮಾತೋ ತಿಳಿಯದೆ ಅವನು ಹಲ್ಲು ಕಿರಿದ.

ನೆರಳು ಅವತ್ತೂ ಇತ್ತು. ಹೋದ ವರ್ಷ ಇದೇ ದಿನಗಳಲ್ಲಿ ಲೆವೆಲ್ಲಿನ ಮೂರು ಕಾಲಿನ ಯಂತ್ರವನ್ನು ಇದೇ ಬನ್ನಿಯ ಕೆಳಗೆ ನಿಲ್ಲಿಸಿದ್ದ. ಎತ್ತರ ಅಳೆಯುವುದಕ್ಕೆ ಒಂದು ಗುರುತಿನ ಕಲ್ಲಿನಿಂದ ಶುರು ಮಾಡಬೇಕು, ಸರ್ವೆಯವರು ಅಲ್ಲಲ್ಲಿ ನೆಟ್ಟು, ಸುಣ್ಣ ಬಳಿದು, ಕೆಂಪು ಅಕ್ಷರದಲ್ಲಿ ಅದರ ಎತ್ತರ ಬರೆದಿರುತ್ತಾರೆ, ಉಳಿದ ಎಲ್ಲ ಎತ್ತರವೂ ಆ ಕಲ್ಲಿನ ಲೆಕ್ಕದಲ್ಲೇ. ಕಲ್ಲನ್ನು ಬದುವಿನ ಮೇಲೆ ಎಷ್ಟು ಹುಡುಕಿದರೂ ಸಿಕ್ಕಿರಲಿಲ್ಲ. ಗಿಡದ ಬುಡದಲ್ಲಿ ಸಿಕ್ಕಾಗ, ಅರೆ, ಇಲ್ಲೇ ನೆಟ್ಟಿದ್ದಾರಲ್ಲ ಅಂದುಕೊಂಡ. ಐದು ಬಿಳಿ ಕಲ್ಲುಗಳ ಸಾಲಿನಲ್ಲಿ ಕೊನೆಯದು. ಅದರ ಮೇಲೂ ಹೊಸ ಸುಣ್ಣ, ಮೇಲೆ ಕುಂಕುಮ, ಒಣಗಿದ ಚೆಂಡು ಹೂವು. ನೋಡಿ ನಕ್ಕಿದ್ದ, ಅಳತೆಯ ಕೋಲು ಹಿಡಿಯುವ ಬಾಳೇಶನಿಗೆ ತೋರಿಸಿ, ನಮ್ಮ ಕಲ್ಲಿಗೂ ದೈವ ಬಂತಲೋ ಅಂದಿದ್ದ. ಬಾಳೇಶ ದೂರದಿಂದಲೇ ಕೈ ಮುಗಿದು, ಸಾಹೇಬ್ರಿಗೂ ಒಂದ ಹೂವ ಏರಸೂನು ಅಂದಿದ್ದ. ಆಮೇಲೆ ಸುಶಾಂತ ಕಿಸೆಯಿಂದ ಬೈಕಿನ ಕೀಲಿ ತೆಗೆದು ಕುಂಕುಮ ಕೆರೆದ, ಸುಣ್ಣ ಕೆರೆದ, ಕೆರೆದಂತೆ ಕೆಳಗಿನ ಕೆಂಪು ಅಂಕಿಗಳು ಒಂದೊಂದಾಗಿ ಎದ್ದವು. ಕೀಲಿಯ ಹಲ್ಲಿನಲ್ಲಿ ಕುಂಕುಮ ತುಂಬಿಕೊಂಡು ಆ ಸಂಜೆ ಬೈಕು ಬೇಗ ಚಾಲೂ ಆಗಿರಲಿಲ್ಲ. ಆ ಕೀಲಿ ಈಗಲೂ ಕಿಸೆಯಲ್ಲಿ ತೊಡೆಗೆ ಒತ್ತುತ್ತಿತ್ತು. ಪೂಜೆಯ ಸಾಲಿನಲ್ಲಿ ನಿಂತ ಕಲ್ಲು ಪೂಜೆಗಾಗಿಯೇ ಅಲ್ಲಿಗೆ ಬಂದಿರಬಹುದು, ಬೇರೆಲ್ಲಿಂದಲೋ ಯಾರೋ ಎತ್ತಿ ತಂದಿರಬಹುದು ಅಂತ ಹೊಳೆಯಲಿಲ್ಲವೇ? ಹೊಳೆದಿತ್ತು. ಹೊಳೆಯಲಿಲ್ಲ ಅಂತ ಸಾಹೇಬರ ಮುಂದೆ ಹೇಳಬಹುದು, ತನ್ನ ಮುಂದೆ ಹೇಳಲಾಗುವುದಿಲ್ಲ, ಹೊಳೆದಿತ್ತು, ಸೊಳ್ಳೆಯ ಹಾಗೆ ಬಂದು ಕಿವಿಯ ಹತ್ತಿರ ಗುಂಯ್ ಅಂದು ಹೋಗಿತ್ತು. ಅದಕ್ಕೇ ನಿಯಮ ಇರುವುದು, ಒಂದು ಕಲ್ಲಿನಿಂದ ಶುರು ಮಾಡಿದ ಮೇಲೆ ಇನ್ನೊಂದು ಕಲ್ಲಿಗೆ ಹೋಗಿ ಮುಟ್ಟಿಸಬೇಕು, ಅಲ್ಲಿಯ ಅಂಕಿಗೆ ನಮ್ಮ ಲೆಕ್ಕ ಹೊಂದಬೇಕು. ಇನ್ನೊಂದು ಕಲ್ಲು ಕೆಳಗೆ ಸೇತುವೆಯ ಮೂಲೆಯಲ್ಲೇ ಇತ್ತು. ಹೋಗಬೇಕು ಅಂತ ಯಂತ್ರ ಎತ್ತಿದ್ದ ಕೂಡ. ಅಷ್ಟರಲ್ಲಿ ಉದ್ದವ್ವ ಮನೆಯ ಕಡೆಯಿಂದ ಕೂಗಿದ್ದಳು, ಶೇಂಗಾ ಹೋಳಿಗಿ ಬಿಸಿ ಅದಾವು, ಆರತಾವು, ಬಾ ಮಗಾ. ಅವನು ಯಂತ್ರ ಪೆಟ್ಟಿಗೆಗೆ ಹಾಕಿ ಉಣ್ಣಲು ಹೋದ. ನಾಳೆ ಮುಟ್ಟಿಸಿದರಾಯಿತು ಅಂದುಕೊಂಡ. ಆ ನಾಳೆ ಯಾವತ್ತೂ ಬರಲಿಲ್ಲ, ಮಶೀನು ಬಂತು, ಟಿಪ್ಪರು ಬಂದವು, ಹೊಲ ಟಿಪ್ಪರಿನಲ್ಲಿ ಕೂತು ಕಾಲುವೆಯ ಏರಿಯಾಗಲು ಹೋಯಿತು. ಕಲ್ಲು ಕೆಳಗಿನ ಬದುವಿನಿಂದ ಮೇಲಿನ ಗಿಡಕ್ಕೆ ಬಂದಿತ್ತು, ಆದ್ದರಿಂದ ಅವನ ಲೆಕ್ಕದಲ್ಲಿ ಇಡೀ ಹೊಲ ಇದ್ದುದಕ್ಕಿಂತ ಕೆಳಗೆ ಕಂಡಿತ್ತು. ನೀರು ಹತ್ತುತ್ತದೆ, ಸಾಕು ಅಂತ ಅವನು ಕೈ ಎತ್ತಿ ಮಶೀನು ನಿಲ್ಲಿಸಿದ ಜಾಗ ನೀರಿಗಿಂತ ಇನ್ನೂ ಆಳೆತ್ತರ ಮೇಲಿತ್ತು.

ಮೊನ್ನೆ ಕಾಲುವೆಗೆ ಮೊದಲ ಸಲ ನೀರು ಬಿಟ್ಟಾಗ ಉದ್ದವ್ವ ಆರತಿಯ ತಟ್ಟೆ ಹಿಡಿದು ಕೊಳವೆಯ ಬಾಯಲ್ಲಿ ನಿಂತಿದ್ದಳು. ನೆರೆಯ ಹೊಲದವರೂ ಬಂದಿದ್ದರು. ನೀರು ಬಂತು, ಕಸಕಡ್ಡಿ ನೊರೆ ತಳ್ಳಿಕೊಂಡು ಬಂತು, ಏರಿತು, ಏರಿ ಒಂದು ಕಡೆ ನಿಂತಿತು. ಅವಳು ಸೀರೆಯ ನೆರಿಗೆ ಎತ್ತಿ ಹಿಡಿದಿದ್ದಳು, ಕಾಲು ತೊಯ್ಯಲಿ ಅಂತ ಚಪ್ಪಲಿ ಬಿಟ್ಟಿದ್ದಳು. ಇನ್ನೂ ಬರತೈತಿ ಅಂತ ಯಾರೋ ಅಂದರು. ಇನ್ನೂ ಬರಲಿಲ್ಲ. ಆರತಿಯ ದೀಪ ಗಾಳಿಗೆ ಆರಿದಾಗ ಅವಳು ಅದನ್ನು ಮತ್ತೆ ಹಚ್ಚಿದಳು, ಸುಶಾಂತ ಅದನ್ನು ನೋಡುತ್ತ ಯಂತ್ರದ ಪೆಟ್ಟಿಗೆ ಎತ್ತಿಕೊಂಡು ಸೇತುವೆಯ ಕಡೆಗೆ ಓಡುವ ಹಾಗೆ ನಡೆದ. ಒಂದು ವರ್ಷ ತಡವಾಗಿ ಮುಟ್ಟಿಸಿದ. ಅಂಕಿ ಹೊಂದಲಿಲ್ಲ. ಮರಳಿ ಬರುವಷ್ಟರಲ್ಲಿ ಸೋಮಶೇಖರ ಸಾಹೇಬರ ಜೀಪು ಬಂದಿತ್ತು. ಸಾಹೇಬರು ಅವನನ್ನು ಬದಿಗೆ ಕರೆದು ತಗ್ಗಿದ ದನಿಯಲ್ಲಿ, ತಪ್ಪು ನಮ್ಮದಿದ್ದರ ಮಶೀನ್ ಮತ್ತ ಹಚ್ಚಿ ಇಳಿಸಿ ಕೊಡೂನು, ಯಾರದು ತಪ್ಪು ಹೇಳು ಅಂದರು. ತಗ್ಗಿದ ದನಿ, ಬಯ್ಯಲೂ ಇಲ್ಲ. ಬಯ್ದಿದ್ದರೆ ನಿಜ ಬಾಯಿಗೆ ಬರುತ್ತಿತ್ತೇನೋ. ಅವನ ಬಾಯಿಗೆ ಬಂದದ್ದೂ ಸುಳ್ಳಲ್ಲ.

"ಕಲ್ಲು ಆಕೀನ ಕಿತ್ತ ತಂದಿಟ್ಟಾಳ್ರಿ," ಅಂದಿದ್ದ.

ಸಾಹೇಬರು ಅದನ್ನು ಎಲ್ಲರೆದುರು ಅವಳಿಗೆ ಕೇಳಿದರು. ಉದ್ದವ್ವ ಬಚ್ಚಿಡಲಿಲ್ಲ. ಹೌದು, ಐದನೇ ಪಾಂಡವ ಟ್ರ್ಯಾಕ್ಟರಿನ ಗಾಲಿಗೆ ಸಿಕ್ಕು ಒಡೆದಿತ್ತು, ಕೆಳಗಿನ ಬದುವಿನ ಮೇಲೆ ಸುಣ್ಣ ಬಳಿದ ಚಂದದ ಕಲ್ಲು ನಿಂತಿತ್ತು, ಪುಣ್ಯಾತ್ಮರು ಯಾರೋ ನನಗಂತಲೇ ಇಟ್ಟಿದ್ದಾರೆ ಅಂದುಕೊಂಡು ಹೊತ್ತು ತಂದೆ ಅಂದಳು. ಅದು ಅಳತೆಯ ಕಲ್ಲು ಅಂತ ತಿಳಿದಾಗ ದೇವರೆದುರು ಮಾಡುವಂತೆ ಎರಡೂ ಗಲ್ಲ ಬಡಿದುಕೊಂಡಳು. ಜನ ಚುಕ್ ಚುಕ್ ಅಂದರು, ಮಶೀನು ಮತ್ತೆ ಹಚ್ಚುವ ಮಾತು ಅಲ್ಲಿಗೇ ನಿಂತಿತು. ಸುಶಾಂತ ಸಾಹೇಬರ ಬೆನ್ನ ಹಿಂದೆ ನಿಂತು ಕಾಲುವೆಯ ನೀರು ನೋಡುತ್ತಿದ್ದ, ನೀರಿನಲ್ಲಿ ಅವಳ ಆರತಿಯ ಹೂವೊಂದು ಕೆಳಗಿನ ಹೊಲದವರ ಕಡೆಗೆ ಹೋಗುತ್ತಿತ್ತು.

ಈಗ ಅವಳು ಚರಗದ ಬುಟ್ಟಿ ಎತ್ತಿಕೊಂಡು ಮುಂದೆ ಹೋಗುತ್ತಿದ್ದಳು, ಕಡಬು, ರೊಟ್ಟಿಯ ಚೂರು, ಬೇಯಿಸಿದ ಕಾಳು ಕಲಸಿದ್ದನ್ನು ಹಿಡಿ ಹಿಡಿಯಾಗಿ ನಾಲ್ಕು ದಿಕ್ಕಿಗೆ ಎರಚುತ್ತ, ಹಿಂದೆ ಅನ್ನಪೂರ್ಣಾ ನೀರು ಚಿಮುಕಿಸುತ್ತ. ಬೆಳೆ ನಿಂತ ಹೊಲದಲ್ಲಿ ಚರಗ ಬಿದ್ದದ್ದು ಕಾಣುವುದಿಲ್ಲ, ಬೆಳೆ ನುಂಗಿಬಿಡುತ್ತದೆ. ಇಲ್ಲಿ ಕೆಂಪು ಬರಿನೆಲದ ಮೇಲೆ ಒಂದೊಂದು ಅಗುಳೂ ಕಾಣುತ್ತಿತ್ತು, ಚೆಲ್ಲಿದ ಹಾಗಲ್ಲ, ಯಾರೋ ಉಂಡು ಉಗುಳಿದ ಹಾಗೆ. ಸುತ್ತಲಿನ ಹೊಲಗಳಿಂದ ಚರಗದ ಕೂಗು ಎದ್ದಾಗ ಅವಳೂ ಕೂಗಿದಳು, ದನಿ ನಡುವೆ ಒಡೆಯಿತು, ಮತ್ತೆ ಕೂಗಿದಳು. ಸುಶಾಂತನಿಗೆ ತಾನೂ ದನಿಗೂಡಿಸಬೇಕು ಅನ್ನಿಸಿ ಬಾಯಿ ತೆರೆದ, ಆ ದನಿ ಈ ಹೊಲಕ್ಕೆ ಬೀಳುವುದು ಬೇಡ ಅನ್ನಿಸಿ ಮುಚ್ಚಿದ. ಅವನ ಅವ್ವ ಮೂಡಲಗಿಯಲ್ಲಿ ಈಗ ಇದನ್ನೇ ಮಾಡುತ್ತಿರಬೇಕು. ಓಣಿಯವರಿಗೆಲ್ಲ ನನ್ನ ಮಗ ಕಾಲುವಿ ಇಂಜಿನಿಯರು, ಒಣ ಹೊಲಕ್ಕ ನೀರು ಹರಿಸತಾನ ಅಂತ ಹೇಳಿಕೊಳ್ಳುತ್ತಿರಬೇಕು. ಮಣ್ಣೆತ್ತಿನ ಅಮಾವಾಸ್ಯೆಗೆ ಎತ್ತು ಮಾಡಲು ಮಣ್ಣು ತಾ ಅಂತ ಅವನನ್ನೇ ಕಳಿಸುತ್ತಿದ್ದಳು, ನಮ್ಮ ಸುಶಾಂತನ ಕೈಗೆ ಮಣ್ಣು ತಿಳಿಯುತ್ತದೆ ಎಂದು. ಆ ಮೆಚ್ಚುಗೆ ನೆನಪಾದದ್ದೇ ಮೈಮೇಲೆ ಯಾರೋ ಕೊಳೆ ನೀರು ಎರಚಿದ ಹಾಗಾಯಿತು.

ಉಣ್ಣಲು ಕೂತರು. ಉದ್ದವ್ವ ಅವನಿಗೆ ಮೊದಲು ಬಡಿಸಿದಳು, ಹೋಳಿಗೆಯ ಮೇಲೆ ತುಪ್ಪ ಸುರಿದಳು, ಸಾಕು ಅಂದರೂ ಸುರಿದಳು. ಅನ್ನಪೂರ್ಣಾ ರೊಟ್ಟಿ ಮುರಿಯುತ್ತ ಅವನನ್ನು ನೇರ ನೋಡದೆ ಕೇಳಿದಳು.

"ಒಂದ ಕಲ್ಲಿನ ಮ್ಯಾಲೇ ಎಲ್ಲಾ ನಿಂತಿರತೈತೇನ್ರಿ? ಅದು ಚೂರು ಸರದ್ರ ಇಷ್ಟ ದೊಡ್ಡ ಕಾಲುವಿ ಲೆಕ್ಕನ ತಪ್ಪತೈತಿ? ಖರೆ ಐತೋ ಸುಳ್ಳೈತೋ ನೋಡಾಕ ಮತ್ತೊಂದ ಇಟ್ಟಿರೂದಿಲ್ಲೇನು?"

ಹೋಳಿಗೆಯ ತುತ್ತು ಬಾಯಲ್ಲಿತ್ತು. ನುಂಗಿದರೆ ಉತ್ತರ ಕೊಡಬೇಕು. ಅವನು ಅಗಿಯುತ್ತಲೇ ಇದ್ದ, ಇನ್ನೇನು ಹೇಳುತ್ತೇನೆ, ಇಟ್ಟಿರತಾರ್ರಿ, ಸೇತುವಿ ಮೂಲ್ಯಾಗ ಐತಿ, ನಾನ ಹೋಗಲಿಲ್ಲ, ಇಷ್ಟೇ ಮಾತು, ನಾಲಿಗೆಯ ತುದಿಯಲ್ಲಿ ಬೆಲ್ಲದ ಜೊತೆ ಕರಗುತ್ತ ನಿಂತಿತ್ತು.

"ಉಣ್ಣೂ ಮುಂದ ಅದೇನ ಕೇಳತೀಯ," ಎಂದು ಉದ್ದವ್ವ ಸೊಸೆಯನ್ನು ಗದರಿದಳು. "ತಪ್ಪು ನಂದು. ಆ ಹುಡುಗನ್ನ ಯಾಕ ತಿನ್ನತಿ? ನನ್ನ ಸಲುವಾಗಿ ಅವನ ಸಾಹೇಬ್ರ ಮುಂದ ತಲಿ ತಗ್ಗಿಸಿ ನಿಂತಿದ್ದ, ನಾ ನೋಡಿನಿ."

ನನ್ನ ಸಲುವಾಗಿ. ಅವನು ಮೊನ್ನೆ ಸಾಹೇಬರ ಬೆನ್ನ ಹಿಂದೆ ನಿಂತದ್ದು ಅವಳಿಗೆ ಹಾಗೆ ಕಂಡಿತ್ತು. ಅವನು ತುತ್ತು ನುಂಗಿದ. ಅನ್ನಪೂರ್ಣಾ ಒಂದು ಕ್ಷಣ ಅವನ ಗಂಟಲು ಏರಿಳಿದದ್ದನ್ನೇ ನೋಡಿದಳು, ಆಮೇಲೆ ಇನ್ನೊಂದು ಹೋಳಿಗೆ ತೆಗೆದು ಅವನ ತಟ್ಟೆಗೆ ಹಾಕಿದಳು, ಬಡಿಸಿದ ಹಾಗಿರಲಿಲ್ಲ.

ಆಗಲೇ ಫೋನು ಬಂತು. ಭೀಮೇಶ, ಇದೇ ಹೊಲ ಅಗೆದ ಹಳದಿ ಮಶೀನಿನ ಡ್ರೈವರು, ಉದ್ದವ್ವನ ಕೈಯಲ್ಲಿ ಇಡೀ ಬೇಸಿಗೆ ಮಜ್ಜಿಗೆ ಕುಡಿದವನು. ಸುಶಾಂತ ಎದ್ದು ಕಟ್ಟೆಯ ಅಂಚಿಗೆ ಹೋದ. ಭೀಮೇಶ ಯಮಕನಮರಡಿಯ ಹೈವೇ ಪಕ್ಕದಲ್ಲಿ ನಿಂತಿದ್ದ, ಮಶೀನನ್ನು ದೊಡ್ಡ ಗಾಡಿಗೆ ಏರಿಸಿಯಾಗಿದೆ, ಮೂಡಲಗಿ ಕಡೆಗೆ ಒಯ್ಯಬೇಕು, ಈ ಕಡೆ ಮತ್ತೆ ಬರುವುದಿಲ್ಲ ಅಂದ. ನಿಮ್ಮೂರಿಗೇ ಹೊಂಟೇನಿ, ಏನರ ಕಳಸೂದೈತೇನು ಅಂತ ನಕ್ಕ. ನಕ್ಕು ಆಮೇಲೆ ದನಿ ಬದಲಿಸಿದ.

"ಸಾಹೇಬ್ರು ಅಂದ್ರು, ಹೋಗೂ ಮೊದಲ ಸುಶಾಂತನ್ನ ಒಮ್ಮಿ ಕೇಳು, ಆ ಕಡೆ ಏನರ ಕೆಲಸ ಉಳದೈತೇನ ಅಂತ. ಅವ ಉಳದೈತಿ ಅಂದ್ರ ಇಳಸು, ನನ್ನ ಕೇಳಬ್ಯಾಡ ಅಂದಾರ. ಹೇಳ್ರಿ, ಇಳಸಲೇನು?"

ಹಾಗಾದರೆ ಸಾಹೇಬರಿಗೆ ಗೊತ್ತಿತ್ತು. ಸೇತುವೆಯ ಕಲ್ಲು ಅವರಿಗೇನು ಗೊತ್ತಿಲ್ಲವೇ, ಇಂಥ ಎಷ್ಟು ಲೆವೆಲ್ಲು ನೋಡಿದವರು. ಗೊತ್ತಿದ್ದೇ ಅವತ್ತು ಕೇಳಿದ್ದರು, ಗೊತ್ತಿದ್ದೇ ಅವನ ಮಾತನ್ನು ಎತ್ತಿ ಅವಳ ಮುಂದಿಟ್ಟಿದ್ದರು, ಇವತ್ತು ಮತ್ತೆ ಬಾಗಿಲು ತೆರೆದು ಕೊಟ್ಟಿದ್ದಾರೆ, ಅದೂ ಡ್ರೈವರನ ಕೈಲಿ. ಉಳಿದೈತಿ ಅನ್ನಬೇಕು, ಒಂದೇ ಮಾತು. ಅಂದರೆ ಮಶೀನು ಇಳಿಯುತ್ತದೆ, ಹೊಲ ಇಳಿಯುತ್ತದೆ, ನೀರು ಹತ್ತುತ್ತದೆ. ಅಂದರೆ ನಾಳೆ ಆಫೀಸಿನಲ್ಲಿ ಸಾಹೇಬರು ತಲೆ ಎತ್ತಿ ನೋಡುತ್ತಾರೆ, ಏನೂ ಅನ್ನದೆ. ಉದ್ದವ್ವ ಯಾಕೆ ಮತ್ತೆ ಇಳಿಸುತ್ತೀರಿ ಅಂತ ಕೇಳುತ್ತಾಳೆ, ಅನ್ನಪೂರ್ಣಾ ಕೇಳುವುದೂ ಇಲ್ಲ. ಮೊನ್ನೆ ಗಲ್ಲ ಬಡಿದುಕೊಂಡವಳ ಮುಂದೆ, ಆ ಎರಡು ಏಟು ನನ್ನವು ಅಂತ ಹೇಳಬೇಕಾಗುತ್ತದೆ, ಆರಂಭದಲ್ಲಿ ಹೇಳದೆ ಇಷ್ಟು ಹೋಳಿಗೆ ತಿಂದ ಮೇಲೆ. ತಪ್ಪು ಒಪ್ಪಿಕೊಳ್ಳುವುದು ಅಷ್ಟು ಕಷ್ಟವಲ್ಲ ಅನ್ನಿಸಿತು ಅವನಿಗೆ, ಒಪ್ಪಿಕೊಳ್ಳದೆ ಕಳೆದ ಈ ಎರಡು ದಿನವನ್ನು ಒಪ್ಪಿಕೊಳ್ಳುವುದು ಹೇಗೆ. ಫೋನಿನಲ್ಲಿ ಲಾರಿಗಳು ಹೋಗುವ ಸಪ್ಪಳ ಕೇಳುತ್ತಿತ್ತು. ಹಲೋ ಅಂದ ಭೀಮೇಶ. ಬೆನ್ನ ಹಿಂದೆ ಉದ್ದವ್ವ, ಅವನ ತಟ್ಟಿ ಮ್ಯಾಲೆ ನೊಣ ಕೂಡದಂಗ ಮುಚ್ಚು ಅಂತ ಸೊಸೆಗೆ ಹೇಳುತ್ತಿದ್ದಳು.

"ಏನೂ ಉಳದಿಲ್ಲ," ಅಂದ ಸುಶಾಂತ. "ಒಯ್ಯಿ."

ಭೀಮೇಶ ಹ್ಞೂಂ ಆತು ಬಿಡ್ರಿ ಅಂದ, ಫೋನು ಇಟ್ಟ. ಸುಶಾಂತ ಫೋನು ಕಿವಿಯಲ್ಲೇ ಹಿಡಿದು ಇನ್ನೂ ಮಾತಾಡುತ್ತಿರುವವನಂತೆ ನಿಂತಿದ್ದ. ಮತ್ತೆ ಕರೆದು ನಿಲ್ಲು ಅನ್ನಬಹುದು, ಗಾಡಿ ಇನ್ನೂ ಹೈವೇ ಹತ್ತಿರಲಿಕ್ಕಿಲ್ಲ, ಅಂತ ಲೆಕ್ಕ ಹಾಕುತ್ತ, ಲೆಕ್ಕ ಹಾಕುವುದರಲ್ಲೇ ಗಾಡಿಯನ್ನು ದೂರ ಕಳಿಸುತ್ತ. ತಿರುಗಿ ಬಂದು ಉಳಿದದ್ದನ್ನು ಉಂಡ. ತಟ್ಟೆಯಲ್ಲಿ ಬಿಟ್ಟರೆ ಅವಳಿಗೆ ಬೇಸರವಾಗುತ್ತದೆ ಅಂತ.

ಕೈ ತೊಳೆದ ಮೇಲೆ ಉದ್ದವ್ವ ಗಿಡದ ಹಿಂದಿನಿಂದ ಏನನ್ನೋ ಎರಡೂ ಕೈಯಲ್ಲಿ ಎತ್ತಿ ತಂದಳು, ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿದ್ದು. ಬಿಚ್ಚಿದಳು. ಐದನೆಯ ಕಲ್ಲು. ಸುಣ್ಣ ಕುಂಕುಮ ಎಲ್ಲ ತಿಕ್ಕಿ ತೊಳೆದು, ಎಣ್ಣೆ ಕೂಡ ಸವರಿದ್ದಳೇನೋ, ಕೆಂಪು ಅಂಕಿಗಳು ಹೊಸದರಂತೆ ಹೊಳೆಯುತ್ತಿದ್ದವು. ಅವುಗಳ ನಡುವೆ ಅವನ ಕೀಲಿಯ ಗೆರೆಗಳೂ. ಅವಳು ಆ ಗೆರೆಗಳ ಮೇಲೆ ಬೆರಳಾಡಿಸಿ, ನಾ ತಿಕ್ಕೂ ಮುಂದ ಗೀರಿತೇನೋ, ನಡೀತೈತಿಲ್ಲ ಅಂತ ಕೇಳಿದಳು. ನಡೆಯುತ್ತದೆ ಅಂದ.

"ಎಲ್ಲಿತ್ತು ಅಲ್ಲೇ ಇಟ್ಟ ಬಾ ಮಗಾ," ಅಂದಳು. "ನಿಮ್ಮ ಕಲ್ಲು ನಮ್ಮ ಸಾಲಿನ್ಯಾಗ ಕೂಡಸಿದ್ದಕ್ಕ ಹಿಂಗಾತು. ಪಾಂಡವರು ನಾಲ್ಕ ಇದ್ರೂ ನಡೀಲಿ. ಮುಂದ ಯಾರ ಹೊಲಕ್ಕೂ ಹಿಂಗಾಗೂದ ಬ್ಯಾಡ."

ಅವನು ಕಲ್ಲನ್ನು ಹೊಟ್ಟೆಗೆ ಅವಚಿಕೊಂಡು ಮೆಟ್ಟಿಲಿಳಿದ. ಇಷ್ಟು ಭಾರ ಇದೆ ಅಂತ ಗೊತ್ತಿರಲಿಲ್ಲ, ಅವನು ಅದನ್ನು ಯಾವತ್ತೂ ಎತ್ತಿರಲೇ ಇಲ್ಲ, ನೋಡಿ ಓದಿದ್ದ ಅಷ್ಟೇ. ಈಕೆ ಇದನ್ನು ಕೆಳಗಿನಿಂದ ಇಷ್ಟು ಎತ್ತರಕ್ಕೆ ಹೊತ್ತು ತಂದಿದ್ದಳು. ಕೆಂಪು ನೆಲದ ಮೇಲೆ ಚರಗದ ಕಾಳುಗಳಿಗೆ ಇರುವೆ ಮುತ್ತಿದ್ದವು, ತುಳಿಯದ ಹಾಗೆ ಕಾಲು ಹಾಕುತ್ತ ಹೊಲ ದಾಟಿದ. ಏರಿ ಹತ್ತಿ ಆ ಕಡೆಗೆ, ನೀರಿನ ಇಳಿಜಾರಿಗೆ ಎರಡು ಹೆಜ್ಜೆ ಇಳಿದು ಹಳೆಯ ಬದು ಹುಡುಕಿದ. ಬದು ಇರಲಿಲ್ಲ. ಕಲ್ಲು ನಿಂತಿದ್ದ ಜಾಗ ಏರಿಯ ಕೆಳಗೆಲ್ಲೋ ಹೋಗಿತ್ತು, ಅವಳ ಹೊಲದಿಂದಲೇ ತಂದು ಸುರಿದು, ನೀರು ಹನಿಸಿ, ರೋಲರು ಓಡಿಸಿ ಗಟ್ಟಿ ಮಾಡಿದ ಗರಸಿನ ಕೆಳಗೆ. ಬಿರಿಯದ ಮಣ್ಣು, ಅವನೇ ಆರಿಸಿದ್ದು, ಎಲ್ಲೂ ಒಂದು ಕೂದಲೆಳೆ ಬಿರುಕಿರಲಿಲ್ಲ. ದೂರದಲ್ಲಿ ಹೈವೇ ಕಾಣುತ್ತಿತ್ತು, ಅದರ ಮೇಲೆ ಹಳದಿ ಬಣ್ಣದ್ದೇನೋ ಮೆಲ್ಲಗೆ ಸರಿಯುತ್ತಿತ್ತು. ಅವನು ಅದನ್ನು ಲಾರಿಯ ತಾಡಪಾಲು ಅಂದುಕೊಂಡ.

ಉದ್ದವ್ವ ಕಟ್ಟೆಯ ಅಂಚಿಗೆ ಬಂದು ಬಿಸಿಲಿಗೆ ಕೈ ಅಡ್ಡ ಹಿಡಿದು ನಿಂತಿದ್ದಳು. ಏರಿ ಅಡ್ಡವಾಗಿ ಅವಳಿಗೆ ಅವನ ತಲೆ, ಹೆಗಲು ಅಷ್ಟೇ ಕಾಣುತ್ತಿದ್ದಿರಬೇಕು.

"ಕೂತಿತೇನೋ ಮಗಾ? ಅದರ ಜಾಗಾಕ್ಕ?"

"ಕೂತೈತಿ," ಎಂದು ಕೂಗಿದ ಸುಶಾಂತ. ದನಿ ಚೆನ್ನಾಗಿಯೇ ಬಂತು.

ಅವಳು ಅಲ್ಲಿಂದಲೇ ಎರಡೂ ಕೈ ಎತ್ತಿ ಮುಗಿದಳು, ಕಲ್ಲಿಗೋ ಅವನಿಗೋ. ತಿರುಗಿ ಮುಗಿಯಲು ಅವನ ಕೈ ಖಾಲಿ ಇರಲಿಲ್ಲ.